ಮುನಿಲಕ್ಷ್ಮಮ್ಮ ಬೈಯುವುದನ್ನು ಬಿಟ್ಟಿದ್ದು

ಬೆಂಡೆಕಾಯಿಯ ತುದಿ ಮುರಿದು ನೋಡುವ ಚಾಳಿ ನಮ್ಮ ಬಸವನಗುಡಿ ಹೆಂಗಸರಿಗೆ ಹುಟ್ಟಿನಿಂದಲೇ ಬಂದಿರಬೇಕು. ಟಕ್ಕೆಂದರೆ ಎಳೆಯದು, ಬಾಗಿದರೆ ಬಲಿತದ್ದು. ಮುರಿದದ್ದನ್ನು ಅಲ್ಲೇ ಬಿಸಾಕಿ ಇನ್ನೊಂದಕ್ಕೆ ಕೈ ಹಾಕುವುದೂ ಇದ್ದದ್ದೇ. ಗಾಂಧಿ ಬಜಾರಿನ ಬೇರೆ ತರಕಾರಿಯವರು ಮುಖ ಸಿಂಡರಿಸಿ ಸುಮ್ಮನಾಗುತ್ತಿದ್ದರು. ಮುನಿಲಕ್ಷ್ಮಮ್ಮ ಸುಮ್ಮನಾಗುವ ಪೈಕಿ ಅಲ್ಲ. “ಏನ್ರವ್ವಾ, ಮುರ್ದು ಮುರ್ದು ಗುಡ್ಡೆ ಹಾಕ್ತಿದೀರಲ್ಲ, ನಾನೂ ನಿಮ್ಮನೇಗ್ ಬಂದು ಪಾತ್ರೆಗೆಲ್ಲ ಒಂದೊಂದು ತೂತು ಹೊಡ್ದು ನೋಡ್ಲಾ, ಗಟ್ಟಿ ಐತಾ ಅಂತ?” ಎಂದು ಅವಳು ಕೂಗಿದರೆ ಎದುರಿನ ಹೂವಿನ ಸಾಲಿನವರೂ ಕಟ್ಟುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದರು. ಬೈಸಿಕೊಂಡ ಹೆಂಗಸು ಕೆಂಪಗಾಗಿ ಹೋದವಳು ಮಾರನೆಯ ದಿನ ಮತ್ತೆ ಅವಳ ಹತ್ತಿರವೇ ಬರುತ್ತಿದ್ದಳು. ಅವಳ ಸೊಪ್ಪು ಅಷ್ಟು ಚೆನ್ನಾಗಿರುತ್ತಿತ್ತು.

ನಾನು ಗೋದಾ. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ನನಗೂ ಬಾಯಿ ಜೋರು, ಮೂಗಿನ ಮೇಲೆ ಕೋಪ. ಮೊದಲ ಸಲ ಅವಳಿಂದ ಬೈಸಿಕೊಂಡಾಗ ನಾನೂ ತಿರುಗಿಸಿ ಬೈದೆ. ಇಬ್ಬರೂ ಸಾಕಾಗುವಷ್ಟು ಬೈದಾಡಿಕೊಂಡ ಮೇಲೆ ಅವಳು ಕಿಸಕ್ಕನೆ ನಕ್ಕು ಒಂದು ಕಟ್ಟು ಮೆಂತ್ಯ ಸೊಪ್ಪು ಸುಮ್ಮನೆ ಚೀಲಕ್ಕೆ ತುರುಕಿದಳು. ಸ್ನೇಹ ಶುರುವಾದದ್ದು ಹಾಗೆ.

ಅವಳ ತಂದೆಗೆ ಕೆಂಪಾಂಬುಧಿ ಕೆರೆಯ ಆಚೆ ಸೊಪ್ಪಿನ ತೋಟವಿತ್ತು. ಲಂಗ ಹಾಕುವ ವಯಸ್ಸಿಗೇ ತಲೆಯ ಮೇಲೆ ಬುಟ್ಟಿ ಹೊತ್ತವಳು. ತೋಟ ಹೋಯಿತು, ಅಲ್ಲಿ ಮನೆಗಳೆದ್ದವು. ಮದುವೆಯಾಗಿ ಬಂದ ಮೇಲೆ ಗಂಡ ಅಶ್ವತ್ಥಪ್ಪನ ಜೊತೆ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ವ್ಯಾಪಾರಕ್ಕೆ ಕೂತಳು. ಅವಳು ತುಂಬಿದ ಬಸುರಿಯಾಗಿದ್ದಾಗ ಅಶ್ವತ್ಥಪ್ಪ ಜ್ವರ ಬಂದು ತೀರಿಕೊಂಡ. ಹೆಣ ಎತ್ತಿದ ಮೇಲೆ ಅವಳ ಮೈದುನಂದಿರು ಮಾಡಿದ ಮೊದಲ ಕೆಲಸ ಏನು ಗೊತ್ತೆ? ಆ ಜಾಗದಲ್ಲಿ ತಮ್ಮ ಗೋಣಿತಾಟು ಹಾಸಿದ್ದು. ಇವಳು ಆ ದೊಡ್ಡ ಹೊಟ್ಟೆ ಹೊತ್ತುಕೊಂಡು ಬಂದು ಗೋಣಿತಾಟನ್ನು ಕಿತ್ತು ರಸ್ತೆಗೆ ಎಸೆದು, ಇಡೀ ಬಜಾರು ಕೇಳುವ ಹಾಗೆ ಅವರ ಜನ್ಮ ಜಾಲಾಡಿದಳು. ದಿನಗಟ್ಟಲೆ ಅದೇ ಆಯಿತು. ಕೊನೆಗೆ ಅವರೇ ನಾಚಿ ಹೋದರು. ಆ ಜಾಗ, ಆ ಜಾಗದಿಂದ ಬಂದ ಅನ್ನ, ಆ ಅನ್ನದಿಂದ ಬೆಳೆದ ಮಗಳು, ಎಲ್ಲವೂ ಆ ಬಾಯಿಯಿಂದ ಉಳಿದದ್ದು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ಒಬ್ಬರು ದೊಡ್ಡ ಮನುಷ್ಯರು ಇದನ್ನೇ ಹಿಡಿದು ಅವಳನ್ನು ಕೊಯ್ದರು.

ಮಗಳು ಧನಲಕ್ಷ್ಮಿ. ಐದನೆಯ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಹುಡುಗಿ ಸೊರಗಿ ಕಡ್ಡಿಯಾದಳು. ನೀರು ಕುಡಿದಷ್ಟೂ ಬಾಯಾರಿಕೆ. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ, ಅದೂ ಮಕ್ಕಳಿಗೆ ಬರುವಂಥದ್ದು, ಜೀವ ಇರುವವರೆಗೂ ಇನ್ಸುಲಿನ್ ಚುಚ್ಚಬೇಕು ಎಂದರು. ಮುನಿಲಕ್ಷ್ಮಮ್ಮ ಆವತ್ತು ಡಾಕ್ಟರನ್ನೂ ಬೈದಳು, ಮಾರಮ್ಮನನ್ನೂ ಬೈದಳು. ಮಾರನೆಯ ದಿನ ಬದನೆಕಾಯಿಗೆ ಸೂಜಿ ಚುಚ್ಚಿ ಚುಚ್ಚಿ ಕಲಿತಳು. ಮನೆಯಲ್ಲಿ ಫ್ರಿಜ್ಜಿಲ್ಲ. ಸೊಪ್ಪು ಬಾಡದಂತೆ ಇಡುವುದು ಗೊತ್ತಿದ್ದವಳು ಔಷಧವನ್ನು ಕೆಡದಂತೆ ಇಡಲಾರಳೇ? ಒಂದು ಮಡಕೆಗೆ ಒದ್ದೆ ಮರಳು ತುಂಬಿ, ಅದರೊಳಗೆ ಇನ್ಸುಲಿನ್ ಬಾಟಲಿಯ ಡಬ್ಬಿ ಹುಗಿದು, ಮೇಲೊಂದು ಒದ್ದೆ ಗೋಣಿ ಸುತ್ತಿ ಮನೆಯ ಮೂಲೆಯಲ್ಲಿಟ್ಟಳು. ಬೆಳಿಗ್ಗೆ ಸಂಜೆ ಬೈದುಕೊಂಡೇ ಚುಚ್ಚುತ್ತಿದ್ದಳು. “ಅಲ್ಲಾಡಿದ್ರೆ ಸೊಂಟ ಮುರೀತೀನಿ ನೋಡು ಮೂದೇವಿ.” ಧನು ನಗುತ್ತಿದ್ದಳು. ಮೂರು ವರ್ಷ ಹುಡುಗಿ ಚೆನ್ನಾಗಿ ಬೆಳೆದಳು.

ಇನ್ನು ನಂಜುಂಡಯ್ಯನವರು. ಅವರು ಎಂದೇ ಬರೆಯುತ್ತಿದ್ದೇನೆ, ವಯಸ್ಸಿಗೆ ಕೊಡುವ ಮರ್ಯಾದೆ ಅಷ್ಟೇ. ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದು ನಿವೃತ್ತರಾದವರು, ಬಿಳಿ ಪಂಚೆ, ಮೆಲುದನಿ. ಬೆಳಗಿನ ವಾಕಿಂಗ್ ಮುಗಿಸಿ ಬಂದು ಮುನಿಲಕ್ಷ್ಮಮ್ಮನ ಹತ್ತಿರ ಬೋಣಿ ಮಾಡುತ್ತಿದ್ದವರು ಅವರೇ. ದಿನದ ಮೊದಲ ವ್ಯಾಪಾರ ಯಾರ ಕೈಯಿಂದ ಆಗುತ್ತದೆ ಎಂಬುದು ತರಕಾರಿಯವರಿಗೆ ದೊಡ್ಡ ವಿಷಯ. ನಂಜುಂಡಯ್ಯನವರ ಕೈಗುಣ ಅಂಥಾದ್ದು, ಅವರು ಒಂದು ಕಟ್ಟು ಕೊತ್ತಂಬರಿ ಕೊಂಡರೆ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಎಂದು ಅವಳ ನಂಬಿಕೆ. ಅವರಿಗಿಂತ ಮುಂಚೆ ನಾನು ಹೋದರೆ “ಇನ್ನೂ ಬೋಣಿ ಆಗಿಲ್ಲ ಮೇಡಮ್ಮೋರೆ, ಅಯ್ಯನೋರು ಬರ್ಲಿ, ನಿಂತ್ಕಳಿ” ಎನ್ನುತ್ತಿದ್ದಳು. ಬೋಣಿ ಮಾಡುವವರ ಜೊತೆ ಚೌಕಾಸಿಯಿಲ್ಲ, ಎದುರು ಮಾತಿಲ್ಲ, ಇಲ್ಲ ಅನ್ನುವ ಮಾತೇ ಇಲ್ಲ. ಊರಿಗೆಲ್ಲ ಬೈಯುವವಳು ಅವರೊಬ್ಬರಿಗೆ ಮಾತ್ರ ಹೂಂ ಅನ್ನುತ್ತಿದ್ದಳು.

ಈ ನಂಜುಂಡಯ್ಯನವರು ಮನೆಯ ಮಹಡಿಯಲ್ಲಿ ‘ಜೀವಕೋಶ ಸಂವಾದ’ ಎಂಬ ತರಗತಿ ನಡೆಸುತ್ತಿದ್ದರು. ದೇಹದ ಪ್ರತಿಯೊಂದು ಕೋಶಕ್ಕೂ ಅರಿವಿದೆ, ವಂಶವಾಹಿಗಳು ಬರೀ ದಾರದ ಎಳೆಗಳಲ್ಲ, ಅವು ಕೇಳಿಸಿಕೊಳ್ಳುತ್ತವೆ, ಯೋಚಿಸುತ್ತವೆ, ಹೀಗೇ ಇರೋಣ ಎಂದು ತೀರ್ಮಾನ ಮಾಡುತ್ತವೆ, ನಾವು ಪ್ರೀತಿಯಿಂದ ಮಾತಾಡಿದರೆ ತೀರ್ಮಾನ ಬದಲಿಸುತ್ತವೆ, ಇದು ಅವರ ಸಿದ್ಧಾಂತ. ಮಂಡಿನೋವಿನವರು, ನಿದ್ದೆ ಬಾರದವರು ಹೋಗಿ ಕಣ್ಣು ಮುಚ್ಚಿ ಕೂತು ತಮ್ಮ ತಮ್ಮ ಮಂಡಿಯ ಕೋಶಗಳ ಜೊತೆ ಮಾತಾಡಿ ಕಾಫಿ ಕುಡಿದು ಬರುತ್ತಿದ್ದರು. ಹಾಳಾಗಿಹೋಗಲಿ, ಯಾರಿಗೇನು ನಷ್ಟ? ಕಾಸು ಕೂಡ ಮುಟ್ಟುತ್ತಿರಲಿಲ್ಲ ಪುಣ್ಯಾತ್ಮರು. ಮುಟ್ಟಿದ್ದರೆ ಕಳ್ಳ ಎಂದು ಕೂಗಬಹುದಿತ್ತು.

ತೊಂಬತ್ತೊಂಬತ್ತನೆಯ ಇಸವಿ, ದಸರಾ ರಜ. ನಾನು ಅದಕ್ಕೂ ಮುಂಚೆ ಒಂದು ತಿಂಗಳು ರಜ ಹಾಕಿ, ಎರಡು ತಿಂಗಳ ಹತ್ತಿರ ಮೈಸೂರಿನಲ್ಲಿದ್ದು ತಂಗಿಯ ಬಾಣಂತನ ಮುಗಿಸಿ ಬಂದವಳು ಸಂಜೆ ಬಜಾರಿಗೆ ಹೋದೆ. ಪಟ್ಟೆ ಸೀರೆಯವಳೊಬ್ಬಳು ಮುನಿಲಕ್ಷ್ಮಮ್ಮನ ಬುಟ್ಟಿಯಲ್ಲಿ ಬೆಂಡೆಕಾಯಿ ಮುರಿಯುತ್ತಿದ್ದಳು. ಒಂದಲ್ಲ ಎರಡಲ್ಲ, ಟಕ ಟಕ ಮುರಿದು ಹಾಕುತ್ತಿದ್ದಾಳೆ. ನಾನು ಈಗ ಶುರುವಾಗುತ್ತೆ, ಈಗ ಶುರುವಾಗುತ್ತೆ ಎಂದು ಕಾದೆ. ಮುನಿಲಕ್ಷ್ಮಮ್ಮ ನಕ್ಕಳು. “ತಗಳಿ ತಾಯಿ, ನಿಮಗಿಷ್ಟ ಬಂದಿದ್ದು ತಗಳಿ” ಎಂದಳು, ಅದೂ ಪಿಸುದನಿಯಲ್ಲಿ.

“ಏನೇ ಆಯ್ತು ನಿಂಗೆ? ಗಂಟಲು ಕಟ್ಟಿದ್ಯಾ?” ಎಂದೆ.

“ಇಲ್ಲ ಮೇಡಮ್ಮೋರೆ. ಬೈಯೋದು ಬಿಟ್ಟೆ.” ಅಕ್ಕಪಕ್ಕ ನೋಡಿ ಇನ್ನೂ ಮೆಲ್ಲಗೆ ಹೇಳಿದಳು. “ನನ್ ಬಾಯಿಂದ್ಲೇ ಅಂತೆ ಮಗೀಗೆ ಹಿಂಗಾಗಿದ್ದು. ಅಯ್ಯನೋರು ಕೇಳಿದ್ರು, ಬಸುರೀಲೂ ಹಿಂಗೇ ಕೂಗಾಡ್ತಿದ್ಯಾ ತಾಯಿ ಅಂತ. ಹೂಂ ಸ್ವಾಮಿ, ಮೈದುನಂದಿರ ಜೊತೆ ಅಂದೆ. ಅದಕ್ಕೆ, ಒಳಗಿರೋ ಕೂಸು ಅದನ್ನ ಕೇಳಿ ಕೇಳಿ ಅದರ ಮೈಯಲ್ಲಿರೋ ಕೋಶಗಳು ಹೆದರ್ಕೊಂಡು ತಮ್ಮವರನ್ನೇ ತಾವು ಹೊಡೀಬೇಕು ಅಂತ ತೀರ್ಮಾನ ಮಾಡ್ಬಿಟ್ಟಿವೆ ಅಂದ್ರು. ಒಂದು ಮಂಡಲ, ನಲವತ್ತೆಂಟು ದಿನ, ನಾನು ದನಿ ಎತ್ತದೆ, ಮನಸಲ್ಲೂ ಕೋಪ ಮಾಡ್ಕೊಳ್ದೆ ಇದ್ರೆ ಅವು ರಾಜಿ ಆಗ್ತವಂತೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಆ ಮಗುವಿನ ಬಿಳಿ ರಕ್ತಕಣಗಳು ಇನ್ಸುಲಿನ್ ಮಾಡುವ ಅವಳದೇ ಕೋಶಗಳನ್ನು ಕೊಂದುಹಾಕಿವೆ ಎಂಬುದು ನಿಜ, ಡಾಕ್ಟರೇ ಹೇಳಿದ್ದರು. ಆ ಒಂದು ನಿಜವನ್ನು ತೆಗೆದುಕೊಂಡು ಇವರು ಅದರ ಸುತ್ತ ಎಂಥ ಬೊಂಬೆಯಾಟ ಕಟ್ಟಿದ್ದರು ನೋಡಿ! ಗಂಡ ಸತ್ತ ಬಸುರಿ ಬೀದಿಗೆ ಬೀಳದಿರಲು ಕೂಗಿದ ಕೂಗೇ ಮಗಳಿಗೆ ವಿಷವಾಯಿತಂತೆ.

“ಇನ್ಸುಲಿನ್ ಕೊಡ್ತಿದೀಯ ತಾನೆ?” ಎಂದೆ.

ಅವಳು ತಲೆ ತಗ್ಗಿಸಿದಳು. ಮೊದಲು ಕಡಿಮೆ ಮಾಡಿಸಿದ್ದರಂತೆ. ಹೊರಗಿನಿಂದ ಕೊಟ್ಟರೆ ಒಳಗಿನ ಕೋಶಗಳಿಗೆ ಅವಮಾನ, ಅವು ಸೋಮಾರಿಯಾಗುತ್ತವೆ ಎಂದರಂತೆ. ಈಗ ಎರಡು ದಿನದಿಂದ ಪೂರ್ತಿ ನಿಲ್ಲಿಸಿದ್ದಾರೆ. ಮನೆಯಲ್ಲಿ ಔಷಧ ಇದೆ ಎಂದು ಕೋಶಗಳಿಗೆ ಗೊತ್ತಿದ್ದರೆ ಅವು ಕೆಲಸ ಮಾಡುವುದಿಲ್ಲವೆಂದು, ಆ ಮರಳಿನ ಮಡಕೆಯನ್ನೇ ಹೊತ್ತುಕೊಂಡು ಹೋಗಿ ನಂಜುಂಡಯ್ಯನವರ ಮನೆಯಲ್ಲಿಟ್ಟು ಬಂದಿದ್ದಾಳೆ. ಕೈಗುಣ ಒಳ್ಳೆಯದಲ್ಲವೇ, ಅವರ ಕೈಗೇ ಕೊಟ್ಟಳು.

“ಅಯ್ಯೋ ನಿನ್ನ! ಸಾಯ್ತಾಳೆ ಕಣೇ ಅವಳು! ನಿಂಗೇನು ತಲೆ ಕೆಟ್ಟಿದ್ಯಾ?” ನಾನು ಕಿರುಚಿದೆ. ಬಜಾರು ತಿರುಗಿ ನೋಡಿತು.

ಅವಳು ಎರಡೂ ಕೈ ಜೋಡಿಸಿದಳು. “ಕೂಗ್ಬೇಡಿ ಮೇಡಮ್ಮೋರೆ, ನಿಮ್ ದಮ್ಮಯ್ಯ. ನಾನು ಇಷ್ಟು ದಿನ ಹಲ್ಲು ಕಚ್ಕೊಂಡಿದ್ದೆಲ್ಲ ಹಾಳಾಗೋಯ್ತದೆ.” ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಆದರೂ ಅವಳು ನಗುತ್ತಲೇ ಇದ್ದಳು. ಆ ನಗು ನೋಡಲಾರದೆ ನಾನು ಅಲ್ಲಿಂದ ನೇರ ನಂಜುಂಡಯ್ಯನವರ ಮನೆಗೆ ಹೋದೆ.

ಅವರು ಜಗುಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ, “ಬನ್ನಿ ಬನ್ನಿ, ಕೂತ್ಕೊಳ್ಳಿ, ಕಾಫಿ ತಗೋತೀರಾ?” ಎಂದರು.

“ಕಾಫಿ ಬೇಡ. ಮಡಕೆ ಕೊಡಿ.”

“ಅದು ಅವರ ವಸ್ತು ಅಲ್ವೇ? ಅವರೇ ಬಂದು ಕೇಳಿದ್ರೆ ಈಗಲೇ ಕೊಡ್ತೀನಿ. ನಾನು ಯಾರಿಗೂ ಬಲವಂತ ಮಾಡೋನಲ್ಲ ತಾಯಿ.”

“ಇನ್ಸುಲಿನ್ ಇಲ್ದೆ ಆ ಹುಡುಗಿ ಬದುಕಲ್ಲ. ಸತ್ತ ಕೋಶದ ಹತ್ರ ನೀವು ಏನ್ ಮಾತಾಡ್ತೀರಿ? ಬದುಕಿರೋ ಕೋಶವೂ ಏನೂ ತೀರ್ಮಾನ ಮಾಡಲ್ಲ. ತಾಗಿದ್ದಕ್ಕೆ ತಕ್ಕ ಹಾಗೆ ನಡ್ಕೊಳ್ಳುತ್ತೆ, ಅಷ್ಟೇ. ಅದಕ್ಕೆ ಬೇಕು ಬೇಡ ಇಲ್ಲ.”

ಅವರು ನಕ್ಕರು. ಏನೂ ತಿಳಿಯದ ಮಗುವನ್ನು ನೋಡಿ ನಗುವಂತೆ ನಕ್ಕರು. “ಬಿಳಿ ರಕ್ತಕಣ ಶತ್ರುವನ್ನ ಗುರುತು ಹಿಡಿಯುತ್ತೆ ಅಂತ ನೀವೇ ಪಾಠ ಮಾಡ್ತೀರಲ್ಲ ಮೇಡಂ. ಗುರುತು ಹಿಡಿಯೋದು ಅಂದ್ರೆ ಏನು? ಹೋಗ್ಲಿ, ನೀವು ಯೋಚನೆ ಮಾಡೋ ಮೆದುಳು ಯಾತರಿಂದ ಆಗಿದೆ? ಕೋಶಗಳಿಂದಲೇ ತಾನೆ? ಅಲ್ಲಿ ಅರಿವು ಇರೋದಾದ್ರೆ ಉಳಿದವುಗಳಲ್ಲಿ ಯಾಕೆ ಇರಬಾರದು?”

“ಮನೆ ಇಟ್ಟಿಗೆಯಿಂದ ಕಟ್ಟಿದ್ದು ಅಂತ ಒಂದೊಂದು ಇಟ್ಟಿಗೆಯಲ್ಲೂ ಅಡುಗೆಮನೆ ಇರುತ್ತೇನ್ರೀ?” ನನ್ನ ದನಿ ಕೇರಿಯ ಕೊನೆಗೆ ಮುಟ್ಟಿರಬೇಕು. “ಇದ್ರೆ ಇರ್ಲಿ, ಇಲ್ದಿದ್ರೆ ಹೋಗ್ಲಿ, ಅದನ್ನ ನಿಮ್ಮ ಮಂಡಿನೋವಿನ ಮೇಲೆ ಪರೀಕ್ಷೆ ಮಾಡ್ಕೊಳ್ಳಿ! ಕಂಡೋರ ಮಗು ಬೇಕಾಯ್ತಾ?”

“ನೋಡಿ, ಈಗ ನಿಮ್ಮ ದೇಹದಲ್ಲಿ ಎಷ್ಟು ಕೋಟಿ ಕೋಶಗಳು ನಡುಗ್ತಿವೆ ಗೊತ್ತಾ?” ಎಂದರು ಅವರು, ಮೃದುವಾಗಿ.

ಕೋಪದವಳು ನಾನು, ಶಾಂತ ಮನುಷ್ಯರು ಅವರು. ನೋಡಿದವರು ಯಾರ ಕಡೆ ನಿಲ್ಲುತ್ತಾರೆ ಹೇಳಿ? ಅಕ್ಕಪಕ್ಕದ ಮನೆಯವರು ಇಣುಕಿ ನನ್ನನ್ನೇ ದುರುಗುಟ್ಟಿ ನೋಡಿದರು. ಮೆಲ್ಲಗೆ ಮಾತಾಡುವವರು ಹೇಳಿದ್ದೆಲ್ಲ ಜ್ಞಾನ, ಕೂಗಿ ಹೇಳಿದ್ದೆಲ್ಲ ಅಹಂಕಾರ ಎಂದು ನಮ್ಮ ಜನ ಯಾವಾಗ ನಂಬಿದರೋ ದೇವರೇ ಬಲ್ಲ.

ಅಷ್ಟು ಹೊತ್ತಿಗೆ ಮೆಡಿಕಲ್ ಶಾಪುಗಳು ಮುಚ್ಚಿದ್ದವು. ಬೆಳಗಾಗುತ್ತಲೇ ಒಂದನ್ನು ತೆಗೆಸಿ ಒಂದು ಬಾಟಲಿ ಇನ್ಸುಲಿನ್ ಕೊಂಡು ಗವಿಪುರದ ಮುನಿಲಕ್ಷ್ಮಮ್ಮನ ಮನೆಗೆ ಹೋದೆ. ತಾಯಿ ಬಜಾರಿಗೆ ಹೊರಟಿರಲಿಲ್ಲ. ಧನು ಚಾಪೆಯ ಮೇಲೆ ಬಿದ್ದುಕೊಂಡಿದ್ದಳು. ಪಕ್ಕದಲ್ಲಿ ವಾಂತಿ, ಖಾಲಿ ಕೊಡ. ಉಸಿರು ಓಡಿ ಬಂದವರ ಹಾಗೆ ಸೇದುತ್ತಿತ್ತು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಕಣ್ಣು ಅರೆತೆರೆದಿದ್ದರೂ ನನ್ನ ಗುರುತು ಹಿಡಿಯಲಿಲ್ಲ. ಮುನಿಲಕ್ಷ್ಮಮ್ಮ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಹೊಟ್ಟೆ ಸವರುತ್ತ, “ರಾಜಿ ಆಗ್ರಪ್ಪಾ, ನಿಮ್ಮನ್ನ ಇನ್ನು ಬೈಯಲ್ಲ, ರಾಜಿ ಆಗ್ರಪ್ಪಾ” ಎಂದು ಲಾಲಿ ಹಾಡಿದ ಹಾಗೆ ಹೇಳುತ್ತಿದ್ದಳು.

ನಾನು ಅವಳ ಮಾತಿಗೆ ಕಾಯಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ಬೀದಿಗೆ ಬಂದೆ, ಹತ್ತಿಯ ಹಾಗೆ ಹಗುರವಾಗಿದ್ದಳು. ಆಟೋ ಸಿಕ್ಕಿತು. ದಾರಿಯುದ್ದಕ್ಕೂ ನಾನು ಆಟೋದವನಿಗೆ, ಸಿಗ್ನಲಿಗೆ, ಅಡ್ಡ ಬಂದ ಎಮ್ಮೆಗೆ ಬೈದೆ. ಮುನಿಲಕ್ಷ್ಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಅಳುವ ಸದ್ದೂ ಹೊರಗೆ ಬರಬಾರದು, ಕೋಶಗಳಿಗೆ ಕೇಳಿಸುತ್ತದೆ.

ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಎರಡೂ ಕೈಗೆ ನಳಿಗೆ ಹಾಕಿ ಇನ್ಸುಲಿನ್, ನೀರು, ಉಪ್ಪು ಇಳಿಸಿದರು. ಆ ದಿನವೆಲ್ಲ ಏನೂ ಹೇಳಲಾಗದು ಎಂದೇ ಹೇಳುತ್ತಿದ್ದರು. ಮಾರನೆಯ ಮಧ್ಯಾಹ್ನ ಧನು ಕಣ್ಣು ಬಿಟ್ಟು “ಅಮ್ಮಾ” ಎಂದಳು.

ನಾನು ಅತ್ತೆ. ತಾಯಿ ಅಳಲಿಲ್ಲ. ಮಗಳ ಹಣೆ ಒರೆಸಿ, ಅದೇ ಪಿಸುದನಿಯಲ್ಲಿ, “ನೀನ್ ಬಾಯಾರಿಕೆ ಅಂತ ಒಂದ್ ಮಾತು ಹೇಳ್ಲಿಲ್ವಲ್ಲ ಕಂದಾ” ಎಂದಳು.

“ಅಯ್ಯನೋರ್ ತಾತಂಗೆ ಹೇಳಿದ್ನಲ್ಲ, ಅವರ ಮನೇಗೆ ಹೋಗಿದ್ದಾಗ.” ಧನುವಿನ ತುಟಿ ಒಡೆದಿತ್ತು, ಮಾತು ತಡೆತಡೆದು ಬಂತು. “ಬಾಯಾರಿಕೆ ತಡ್ಯಕಾಗಲ್ಲ, ಕಣ್ಣು ಮಂಜಾಗ್ತೈತೆ, ಸೂಜಿ ಹಾಕ್ಸಿ ಅಂತ ಕೇಳ್ದೆ. ಅದು ಒಳ್ಳೇ ಲಕ್ಷಣ, ಕೋಶಗಳು ಎದ್ದೇಳ್ತಾವೆ ಅಂದ್ರು. ಅಮ್ಮಂಗೆ ಹೇಳ್ಬೇಡ, ಅವರು ಗಾಬರಿ ಆಗಿ ಕೂಗಾಡಿದ್ರೆ ಎಲ್ಲ ಕೆಡುತ್ತೆ ಅಂದ್ರು. ನೀನ್ ಕೂಗಾಡಿದ್ರೆ, ಆಮೇಲೆ ನಿನ್ನಿಂದ್ಲೇ ಆಯ್ತು ಅಂತ ನೀನ್ ಅಳ್ತೀಯಲ್ಲ. ಅದಕ್ಕೇ ಹೇಳ್ಲಿಲ್ಲ.”

ಮುನಿಲಕ್ಷ್ಮಮ್ಮ ಮಗಳಿಗೆ ಹೊದಿಕೆ ಎಳೆದು ಸರಿ ಮಾಡಿದಳು. ಅದೇ ಹೊತ್ತಿಗೆ ವಾರ್ಡಿನ ಹೊರಗೆ ನಂಜುಂಡಯ್ಯನವರು ಬಂದು ನಿಂತದ್ದು ನನಗೆ ಕಂಡಿತು. ಕೈಯಲ್ಲಿ ಹಣ್ಣಿನ ಚೀಲ ಬೇರೆ. ನಾನು ಎದ್ದೆ, ಇವತ್ತು ಇವರ ಪಂಚೆ ಬಿಚ್ಚಿಸಿಬಿಡುತ್ತೇನೆ ಎಂದೇ ಎದ್ದೆ. ನನಗಿಂತ ಮೊದಲು ಅವಳು ಕಾರಿಡಾರಿನಲ್ಲಿದ್ದಳು.

“ಗಾಬರಿ ಬೇಡ ತಾಯಿ,” ಎಂದರು ಅವರು. “ಮಂಡಲ ಮುಗಿಯೋಕೆ ಇನ್ನು ನಾಲ್ಕೇ ದಿನ ಇತ್ತು. ನಿಮ್ಮ ಮನಸ್ಸಿನ ಮೂಲೇಲಿ ಎಲ್ಲೋ ಒಂಚೂರು ಕೋಪ ಉಳ್ಕೊಂಡಿತ್ತು ಅನ್ಸುತ್ತೆ. ಮಗುವಿನ ಕೋಶಗಳಿಗೆ ಅದು ತಿಳಿದುಹೋಗಿದೆ.”

ಅವಳು ಅವರ ಮುಖವನ್ನೇ ನೋಡಿದಳು. “ಕೋಶಕ್ಕೆಲ್ಲ ಕಿವಿ ಐತೆ ಅಂದ್ರಲ್ಲ ಸ್ವಾಮಿ,” ಎಂದಳು. ದನಿ ಇನ್ನೂ ಏರಿರಲಿಲ್ಲ. “ನಿಮ್ಗೂ ಎರಡು ಅವೆ. ನನ್ ಮಗಳು ನಿಮ್ಮೆದ್ರು ನಿಂತ್ಕೊಂಡು, ತಾತಾ ತಡ್ಯಕಾಗಲ್ಲ, ಸೂಜಿ ಹಾಕ್ಸಿ ಅಂತ ಬಾಯ್ಬಿಟ್ಟು ಕೇಳಿದ್ಲಲ್ಲ. ಆವಾಗ ಅವೆಲ್ಲಿಗೆ ಹೋಗಿದ್ವು?”

“ಸಮಾಧಾನ, ಸಮಾಧಾನ. ಕೋಪ ಮಾಡ್ಕೋಬೇಡಿ.”

“ಮಾಡ್ಕಂತೀನಿ!”

ಕಾರಿಡಾರಿನ ಬೆಂಚಿನ ಮೇಲೆ ತೂಕಡಿಸುತ್ತಿದ್ದವರೆಲ್ಲ ಬೆಚ್ಚಿ ಎದ್ದರು. ಇಷ್ಟು ದಿನ ಕಟ್ಟಿಟ್ಟಿದ್ದ ದನಿ ಅದು.

“ಮಾಡ್ಕಂತೀನಿ ಕಣಯ್ಯಾ! ನನ್ನೊಳಗಿರೋ ಯಾವ್ದೋ ಕೋಶ ಅಲ್ಲ, ನಾನು. ಅಶ್ವತ್ಥಪ್ಪನ ಹೆಂಡ್ತಿ, ಧನೂನ ಹೆತ್ತೋಳು, ಮುನಿಲಕ್ಷ್ಮಮ್ಮ. ನಾನೇ ಯೋಚ್ನೆ ಮಾಡಿ, ನಾನೇ ತೀರ್ಮಾನ ಮಾಡಿ, ಈಗ ಕೋಪ ಮಾಡ್ಕಂತೀನಿ. ಮಗಾ ಹೇಳಿದ್ದು ಕೇಳ್ದೆ ಮಾಂಸದ ತುಂಡಿನ ಹತ್ರ ಮಾತಾಡ್ತೀಯಾ? ನಿನ್ ಬಾಯಿಗ್ ಮಣ್ಣಾಕ!”

ಆಮೇಲೆ ಅವಳು ಶುರು ಮಾಡಿದಳು. ನಂಜುಂಡಯ್ಯನವರು ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದರು, ಹಣ್ಣಿನ ಚೀಲ ಕೈಜಾರಿ ಮೂಸಂಬಿಗಳು ಉರುಳಿದವು. ಒಳಗಿನಿಂದ ಧನು ಸೋತ ದನಿಯಲ್ಲಿ “ಅಮ್ಮ ಬೈತಾವ್ಳೆ, ಅಮ್ಮ ಬೈತಾವ್ಳೆ” ಎಂದು ಪಕ್ಕದ ಮಂಚದವರಿಗೆ ಹೇಳುತ್ತಿದ್ದದ್ದು ಕೇಳಿಸಿತು. ನರ್ಸು ಓಡಿ ಬಂದು ಇದು ಆಸ್ಪತ್ರೆ ಕಣಮ್ಮ, ಮೆಲ್ಲಗೆ ಮಾತಾಡಿ ಎಂದಳು. ನಾನು ನರ್ಸಿಗೆ ಅಡ್ಡ ನಿಂತು, ಇರಿ, ಅವಳದ್ದು ಇನ್ನೂ ಮುಗಿದಿಲ್ಲ ಎಂದೆ.